ಮೂರನೇ ಸಾಲಿನ ಅಣ್ಣೆಸೊಪ್ಪು

"ಇದ್ಯಾರ್ ತಂದಿದ್ದು?" ಸೂಪರ್‌ವೈಸರ್ ಮಾಲಿನಿ ಮೂರನೇ ಸಾಲಿನ ಪೈಪಿನತ್ತ ಬೆರಳು ತೋರಿಸಿದಳು.

ಹಿರೇಹಳ್ಳಿಯ ಆ ಶೆಡ್ಡಿನಲ್ಲಿ ನೆಲದಿಂದ ಸೂರಿನವರೆಗೂ ಒಂದರ ಮೇಲೊಂದು ಪೈಪುಗಳು. ತೂತುತೂತಿನಲ್ಲೂ ಲೆಟ್ಯೂಸ್. ಬೇರುಗಳಡಿ ಗೊಬ್ಬರದ ನೀರು ಹರಿಯುತ್ತದೆ. ಮಣ್ಣಿಲ್ಲ, ಹಾಗಾಗಿ ಕಳೆಯೂ ಇಲ್ಲ. ಆದರೆ ಒಂದು ತೂತಿನಲ್ಲಿ, ಲೆಟ್ಯೂಸಿಗೆ ಒರಗಿಕೊಂಡು, ಹೊಲದಲ್ಲಿ ತಾನಾಗಿ ಬೆಳೆಯುವ ಅಣ್ಣೆಸೊಪ್ಪು ಗೇಣುದ್ದ ನಿಂತಿತ್ತು.

ಆ ಸಾಲು ನೋಡಿಕೊಳ್ಳುವ ರಂಗಲಕ್ಷ್ಮಮ್ಮ ತಲೆ ತಗ್ಗಿಸಿ ಲೆಟ್ಯೂಸಿನ ಹಣ್ಣೆಲೆ ಕೀಳತೊಡಗಿದಳು. ಹಿಂದಿನ ತಿಂಗಳ ಹಬ್ಬಕ್ಕೆ ಗಂಡನ ಊರಾದ ನಿಟ್ಟೂರಿಗೆ ಹೋದವಳು, ಭಾವನ ಪಾಲಾಗಿದ್ದ ರಾಗಿಹೊಲದಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಅದೇ ಸೀರೆಯಲ್ಲಿ ಕೆಲಸಕ್ಕೆ ಬಂದಿದ್ದಳು. ಸೆರಗಿನಲ್ಲಿ ಬೀಜ ಬಂದಿರಬೇಕು. ಮೊಳಕೆ ಕಂಡ ದಿನ ಕೀಳಲು ಕೈ ಚಾಚಿ, "ನೀನ್ಯಾಕ್ ಬಂದೆ ಇಲ್ಲಿಗೆ? ನಿಂಗೇನ್ ಕೆಲ್ಸ ಕೊಟ್ರು?" ಎಂದು ಕೇಳಿ ಕೈ ಹಿಂದೆಗೆದಿದ್ದಳು. ಗಂಡ ತೀರಿಕೊಂಡ ಮೇಲೆ ಬಾಡಿಗೆ ಕೋಣೆಯಲ್ಲಿ ಏನಾದರೂ ಕೇಳೋಣವೆಂದರೂ ಯಾರೂ ಇರಲಿಲ್ಲ. ಅಂದಿನಿಂದ ದಿನವೂ ಅದರ ಜೊತೆ ಎರಡು ಮಾತು.

ಇವತ್ತು ಬೆಂಗಳೂರಿನ ಹೋಟೆಲಿನವರು ಬೆಳೆ ನೋಡಲು ಬರುವವರಿದ್ದರು. ಹೊರಗಿನ ಬಟ್ಟೆಯಲ್ಲಿ ಒಳಗೆ ಬಂದ ಒಬ್ಬಳನ್ನು ಹೋದ ತಿಂಗಳಷ್ಟೇ ಕೆಲಸದಿಂದ ತೆಗೆದಿದ್ದರು.

"ನಮ್ಮಜ್ಜಿ ಇದ್ರಲ್ಲಿ ಬಸ್ಸಾರು ಮಾಡೋರು," ಮಾಲಿನಿ ಮೆಲ್ಲಗೆ ಹೇಳಿದಳು.

"ಅವರೆಕಾಳು ಹಾಕೋರಾ?"

"ಹಾಕೋರು. ಖಾರ ಮಾತ್ರ ಕಣ್ಣಲ್ಲಿ ನೀರ್ ಬರೋದು."

ಅಷ್ಟರಲ್ಲಿ ಮ್ಯಾನೇಜರ್ ಅಶ್ವಥ್ ಬಂದ. "ಏನ್ರೀ ಇದು? ಹೊಲ ಮಾಡ್ಬಿಟ್ರಾ ಒಳ್ಗೆ?"

"ನನ್ನಿಂದ್ಲೇ ಸಾರ್. ಊರಿಂದ ಸೀದಾ ಬಂದಿದ್ದೆ, ಬಟ್ಟೆ ಬದ್ಲಾಯಿಸ್ಲಿಲ್ಲ," ಎಂದಳು ಮಾಲಿನಿ.

"ನೀವೇ ಹಿಂಗ್ ಮಾಡಿದ್ರೆ ಬೇರೆಯವ್ರಿಗೆ ಏನ್ರೀ ಹೇಳೋದು? ಮೊದ್ಲು ಕೀಳ್ಸಿ."

ಅವನು ಅತ್ತ ಹೋದ ಮೇಲೆ ರಂಗಲಕ್ಷ್ಮಮ್ಮ, "ನೀನ್ಯಾಕವ್ವ..." ಎಂದಳು.

"ಬಿಡಿ ಅಮ್ಮ. ನನ್ನಾದ್ರೆ ಬೈದು ಸುಮ್ನಾಗ್ತಾರೆ. ನಿಧಾನಕ್ಕೆ ಕೀಳಿ, ಬೇರು ತುಂಡಾಗ್ಬಾರ್ದು."

ಎರಡು ಗಿಡಗಳ ಬೇರುಗಳೂ ಹೆಣೆದುಕೊಂಡಿದ್ದವು. ಮಾಲಿನಿ ಲೆಟ್ಯೂಸನ್ನು ಹಿಡಿದು ನಿಂತಳು. ರಂಗಲಕ್ಷ್ಮಮ್ಮ ಎಳೆಎಳೆಯಾಗಿ ಬಿಡಿಸಿದಳು. ಆಮೇಲೆ ಮಾಲಿನಿ ಅಣ್ಣೆಸೊಪ್ಪನ್ನು ಇಡಲು ತನ್ನ ನೀರಿನ ಬಾಟಲಿಯನ್ನು ಚಾಚಿದಳು.

ಸಂಜೆ ರಂಗಲಕ್ಷ್ಮಮ್ಮ ಆ ಬಾಟಲಿಯನ್ನು ಕೋಣೆಯ ಕಿಟಕಿಯಲ್ಲಿಟ್ಟು, ತಟ್ಟೆಗೆ ಮುದ್ದೆ ಹಾಕಿಕೊಂಡು ಎದುರಿಗೆ ಕುಳಿತಳು.

"ಸಾರಿಗೆ ಉಪ್ಪು ಜಾಸ್ತಿ ಆಯ್ತು ಕಣೇ," ಎಂದಳು.

ಬೀದಿದೀಪ ಹೊತ್ತಿಕೊಂಡಿತು. ಬಾಟಲಿಯೊಳಗೆ ಬಿಳಿ ಬೇರುಗಳು ನೀರಿನಲ್ಲಿ ಮೆಲ್ಲಗೆ ಬಿಚ್ಚಿಕೊಳ್ಳುತ್ತಿದ್ದವು.