ಮೈಲಾರಿ ಸೋಮವಾರವೇ ಯಾಕೆ ಬೀಳುತ್ತಾನೆ?

ನಾಯಿಗೆ ಫಿಟ್ಸ್ ಬಂದರೆ ಓಣಿಯಲ್ಲಿ ಮೂರು ಮಾತು ಏಳುತ್ತವೆ. ಹುಚ್ಚು ಹಿಡಿದಿದೆ ಎನ್ನುತ್ತಾರೆ ಕೆಲವರು, ಯಾರೋ ವಿಷ ಹಾಕಿದ್ದಾರೆ ಎನ್ನುತ್ತಾರೆ ಇನ್ನು ಕೆಲವರು. ಉಳಿದವರು, ಡಾಕ್ಟರ ಹತ್ತಿರ ಹೋದರೆ ಮೈಮೇಲಿನ ಬಟ್ಟೆಯೂ ಉಳಿಯುವುದಿಲ್ಲ ಎಂದು ಹೆದರಿಸುತ್ತಾರೆ. ಬಂಗಾಳದ ಬೆಹಾಲಾ ಬಡಾವಣೆಯ ಒಂದು ಬಾಡಿಗೆ ಮನೆಯಲ್ಲಿರುವ ಕಲ್ಲಪ್ಪ ಈ ಮೂರನ್ನೂ ನಂಬಿದ್ದ. ಯಾರ ಮಾತನ್ನೂ ನಂಬದ ಮನುಷ್ಯ ಈ ಮೂರನ್ನು ಮಾತ್ರ ಹೇಗೆ ನಂಬಿದನೋ, ಅವನ ಹೆಂಡತಿಗೂ ಗೊತ್ತಿಲ್ಲ.

ಕಲ್ಲಪ್ಪ ಧಾರವಾಡದ ಕಡೆಯವನು. ಮೂವತ್ತು ವರ್ಷದ ಹಿಂದೆ ಖಿದಿರ್‌ಪುರದ ಬಂದರಿಗೆ ಮೂಟೆ ಹೊರಲು ಬಂದವನು, ಈಗ ಅಲ್ಲಿಯೇ ಒಂದು ಗೋದಾಮಿಗೆ ಕಾವಲುಗಾರ. ಗುತ್ತಿಗೆ ಕೆಲಸ, ಸಂಬಳ ಇಪ್ಪತ್ತನೇ ತಾರೀಖಿಗೇ ಮುಗಿದುಹೋಗುತ್ತದೆ. ಹೆಂಡತಿ ಮಹಾಲಕ್ಷ್ಮಿ ಟಾಲಿಗಂಜ್ ಕಡೆಯ ಕನ್ನಡದ ಮನೆಗಳಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಕೊಡುತ್ತಾಳೆ. ಅವರಿಗೆ ಮಕ್ಕಳಿಲ್ಲ. ನಾಲ್ಕು ವರ್ಷದ ಹಿಂದೆ ಗೋದಾಮಿನ ಮೂಟೆಗಳ ಸಂದಿಯಲ್ಲಿ ಸಿಕ್ಕ ಮರಿಯೊಂದನ್ನು ಕಲ್ಲಪ್ಪ ಅಂಗಿಯೊಳಗೆ ಇಟ್ಟುಕೊಂಡು ಬಸ್ಸಿನಲ್ಲಿ ತಂದ. ಅವರ ಮನೆದೇವರು ಮೈಲಾರಲಿಂಗ, ಆ ದೇವರಿಗೆ ನಾಯಿ ಎಂದರೆ ಪ್ರೀತಿ. ಹಾಗಾಗಿ ಮರಿ ಮೈಲಾರಿಯಾಯಿತು. ಭಾನುವಾರ ಮೈಲಾರಲಿಂಗನ ವಾರ. ಅವತ್ತು ಕಲ್ಲಪ್ಪ ಸಂಜೆ ಪೂಜೆಯಾಗುವ ತನಕ ಏನೂ ತಿನ್ನುವುದಿಲ್ಲ, ತನ್ನ ಹಣೆಗೂ ನಾಯಿಯ ಹಣೆಗೂ ಭಂಡಾರದ ಅರಿಶಿನ ಹಚ್ಚುತ್ತಾನೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮೈಲಾರಿ ಒಂದು ದಿನ ನಿಂತಲ್ಲೇ ಬಿದ್ದ. ಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕು ಎಂದು ಕಲ್ಲಪ್ಪ ಸಣ್ಣವನಿದ್ದಾಗಿನಿಂದ ಕೇಳಿದ್ದ. ನಾಯಿಗೆ ಕೈ ಎಲ್ಲಿಂದ ತರುವುದು? ಗೋದಾಮಿನ ಬೀಗದ ಕೈ ಗೊಂಚಲನ್ನು ಅದರ ಬಾಯಿಗೇ ಇಡಲು ಹೋದ. ಬೆರಳಿಗೆ ಹಲ್ಲು ಇಳಿಯಿತು.

"ನಾಯಿಗೆ ಹುಚ್ಚು ಹಿಡದೈತಿ" ಎಂದು ಬಿಳುಚಿಕೊಂಡ.

ಮಹಾಲಕ್ಷ್ಮಿ ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಕಾಲು ಗಂಟೆ ಸೋಪು ಹಚ್ಚಿ ತೊಳೆದಳು. ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಚುಚ್ಚುಮದ್ದು ಹಾಕಿಸಿದಳು. ಮೈಲಾರಿಗೆ ವರ್ಷ ವರ್ಷ ರೇಬೀಸ್ ಲಸಿಕೆ ಆಗಿತ್ತು, ಚೀಟಿಯೂ ಇತ್ತು. ಹತ್ತು ದಿನ ಕಾದು ನೋಡಿದರು. ನಾಯಿ ಚೆನ್ನಾಗಿಯೇ ಇತ್ತು. ಆಮೇಲೆ ಮತ್ತೆ ಬಿತ್ತು.

ಹತ್ತಿರದ ಖಾಸಗಿ ಕ್ಲಿನಿಕ್ಕಿನ ಡಾಕ್ಟರು ರಕ್ತ ಪರೀಕ್ಷೆ, ತಲೆಯ ಸ್ಕ್ಯಾನು ಎಂದು ಒಂದು ಪಟ್ಟಿ ಬರೆದುಕೊಟ್ಟರು. ಕಲ್ಲಪ್ಪ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಒಂದು ಮಾತೂ ಕೇಳದೆ ಎದ್ದು ಬಂದ.

"ಲೂಟಿ ನಡದೈತಿ. ನಮ್ಮ ಮಾರಿ ನೋಡಿ ಬರದಾರ" ಎಂದ ಹೆಂಡತಿಗೆ.

"ಎಲ್ಲಾನೂ ಈಗ ಮಾಡಸಬೇಕೇನು ಅಂತ ಕೇಳಿದ್ರೇನು?"

"ಕೇಳಿದ್ರ ಇನ್ನೆರಡು ಬರೀತಿದ್ರು."

ಮಹಾಲಕ್ಷ್ಮಿ ಅವನೊಂದಿಗೆ ವಾದ ಮಾಡಲಿಲ್ಲ. ಅವಳ ರೊಟ್ಟಿ ಕೊಳ್ಳುವವರಲ್ಲಿ ಅಪರ್ಣಾ ಎಂಬ ಮೈಸೂರಿನ ಹುಡುಗಿ ಇದ್ದಳು, ಇಲ್ಲಿನ ಪಶುವೈದ್ಯ ಕಾಲೇಜಿನಲ್ಲಿ ಹೆಚ್ಚಿನ ಓದು ಓದುತ್ತಿದ್ದಳು. ಅವಳಿಗೆ ಫೋನು ಮಾಡಿದಳು.

"ಆಂಟಿ, ಮುಂದಿನ ಸಲ ಬಿದ್ದಾಗ ಬಾಯಿಗೆ ಏನೂ ಹಾಕ್ಬೇಡಿ. ಹತ್ರ ಇರೋ ಸಾಮಾನು ಸರಿಸಿ, ಫೋನಲ್ಲಿ ವಿಡಿಯೋ ಮಾಡಿ, ಎಷ್ಟು ನಿಮಿಷ ಅಂತ ನೋಡ್ಕೊಳ್ಳಿ. ಆಮೇಲೆ ನಮ್ಮ ಕಾಲೇಜಿನ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಅಲ್ಲಿ ಚೀಟಿ ಮಾಡಿಸೋಕೆ ಜಾಸ್ತಿ ಖರ್ಚಾಗಲ್ಲ."

ಜಾಸ್ತಿ ಖರ್ಚಾಗಲ್ಲ ಎಂದ ಕೂಡಲೆ ಕಲ್ಲಪ್ಪನಿಗೆ ಹೊಸ ಅನುಮಾನ ಹುಟ್ಟಿತು. "ಇಕಿ ಕಲಿಯಾಕಿ. ನಮ್ಮ ಮೈಲಾರಿ ಮ್ಯಾಲ ಕೈ ಪಳಗಿಸಿಕೋತಾಳ."

ಆದರೂ ಮೈಲಾರಿ ಮತ್ತೊಮ್ಮೆ ಬಿದ್ದ ಮೇಲೆ ಹೋದ. ಹೆಂಡತಿ ಒಬ್ಬಳೇ ಹೋದರೆ ಅಲ್ಲಿ ಏನು ನಡೆಯಿತೆಂದು ತನಗೆ ತಿಳಿಯದಲ್ಲ ಎಂಬುದೇ ಅವನ ಚಿಂತೆ. ಅಲ್ಲಿ ಹಿರಿಯ ಡಾಕ್ಟರೇ ಮಹಾಲಕ್ಷ್ಮಿ ಮಾಡಿದ್ದ ವಿಡಿಯೋ ನೋಡಿದರು, ಲಸಿಕೆಯ ಚೀಟಿ ನೋಡಿದರು, ರಕ್ತ ತೆಗೆದರು. ಇದು ಹುಚ್ಚಲ್ಲ, ಮನುಷ್ಯರಿಗೆ ಬರುವ ಹಾಗೆ ನಾಯಿಗೂ ಬರುವ ಫಿಟ್ಸ್ ಎಂದರು. ಸ್ಕ್ಯಾನು ಈಗಲೇ ಬೇಡ, ಮೊದಲು ಮಾತ್ರೆ ಕೊಟ್ಟು ನೋಡೋಣ ಎಂದರು. ಬೆಳಿಗ್ಗೆ ಒಂದು, ರಾತ್ರಿ ಒಂದು, ದಿನವೂ ಒಂದೇ ಹೊತ್ತಿಗೆ. ಬಿದ್ದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಎಂದು ಅಪರ್ಣಾ ಮಹಾಲಕ್ಷ್ಮಿಗೆ ಹೇಳಿದಳು.

ಮಾತ್ರೆಯ ಸ್ಟ್ರಿಪ್ಪು ಔಷಧದ ಅಂಗಡಿಯಲ್ಲಿ ಕೈಗೆ ಬಂದಾಗ ಕಲ್ಲಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಎರಡು ಹೊತ್ತಿನ ಚಹಾದ ಖರ್ಚಿಗಿಂತ ಕಡಿಮೆಯಲ್ಲಿ ದಿನದ ಔಷಧ.

"ಇಷ್ಟ ಸೋವಿ ಅಂದ್ರ ಇದರಾಗ ಸುಣ್ಣ ತುಂಬ್ಯಾರ" ಎಂದ. ಇದು ಮನುಷ್ಯರೂ ತಿನ್ನುವ ಮಾತ್ರೆ ಎಂದು ಅಂಗಡಿಯವನು ಹೇಳಿದ್ದರಿಂದ ಅನುಮಾನ ಇನ್ನೂ ಜಾಸ್ತಿಯಾಯಿತು.

ಮೊದಲ ವಾರ ಮೈಲಾರಿ ತೂರಾಡುತ್ತಾ ನಡೆದ, ಕೊಡಗಟ್ಟಲೆ ನೀರು ಕುಡಿದ, ರೊಟ್ಟಿಯ ಬುಟ್ಟಿಗೇ ಬಾಯಿ ಹಾಕಿದ.

"ನೋಡು, ಅಮಲಿನ ಗುಳಿಗಿ ಕೊಟ್ಟಾರ."

"ಮೊದಲ ಹಂಗ ಆಕ್ಕೈತಿ, ಆಮ್ಯಾಲ ಕಮ್ಮಿ ಆಕ್ಕೈತಿ ಅಂತ ಅಪರ್ಣಾ ಹೇಳ್ಯಾಳ್ರಿ. ನೀವೂ ಅಲ್ಲೇ ನಿಂತಿದ್ರಿ."

ಹಾಗೆಯೇ ಆಯಿತು. ಆಮೇಲೆ ಒಂದು ತಿಂಗಳು ಮೈಲಾರಿ ಒಮ್ಮೆಯೂ ಬೀಳಲಿಲ್ಲ. ಮಾತ್ರೆ ಕೊಡುವ ಕೆಲಸ ಮಾತ್ರ ಕಲ್ಲಪ್ಪ ಬೇರೆ ಯಾರಿಗೂ ಬಿಡಲಿಲ್ಲ. ಇನ್ನೊಬ್ಬರ ಕೈಯ ಮೇಲೆ ಅವನಿಗೆ ಭರವಸೆ ಇರಲಿಲ್ಲ.

ಎರಡನೇ ತಿಂಗಳಲ್ಲಿ ಒಂದು ಸೋಮವಾರ ಬೆಳಿಗ್ಗೆ ಮೈಲಾರಿ ಅಂಗಳದಲ್ಲಿ ಬಿದ್ದ. ಹದಿನೈದು ದಿನ ಬಿಟ್ಟು ಮತ್ತೊಂದು ಸೋಮವಾರ. ಮುಂದಿನ ವಾರ ಮತ್ತೆ ಸೋಮವಾರ.

ಕಲ್ಲಪ್ಪನ ತಲೆ ಚುರುಕಾಯಿತು. ಸೋಮವಾರ ಏನು ನಡೆಯುತ್ತದೆ? ಮಹಡಿಯ ಮೇಲಿರುವ ಮನೆಯೊಡತಿ ಶಿಪ್ರಾ ಬೌದಿ ಅಂಗಳಕ್ಕೆ ಫಿನಾಯಿಲ್ ಹಾಕಿ ತೊಳೆಯುವುದು ಪ್ರತಿ ಸೋಮವಾರ. ಬಂಗಾಳಿಯಲ್ಲಿ ಬೌದಿ ಎಂದರೆ ಅತ್ತಿಗೆ. ಆದರೆ ಈ ಬೌದಿಗೆ ನಾಯಿ ಎಂದರೆ ಅಷ್ಟಕ್ಕಷ್ಟೆ. ಮೆಟ್ಟಿಲ ಮೇಲೆ ಕೂದಲು ಬಿದ್ದಿದೆ ಎಂದು ಎರಡು ಸಲ ಗೊಣಗಿದ್ದಳು. ಇನ್ನೇನು ಬೇಕು?

ಅವತ್ತಿನಿಂದ ಕಲ್ಲಪ್ಪ ಗೋದಾಮಿಗಿಂತ ಅಂಗಳವನ್ನೇ ಹೆಚ್ಚು ಕಾಯತೊಡಗಿದ. ಬೌದಿ ಬಕೆಟ್ಟು ಹಿಡಿದು ಇಳಿದರೆ ಇವನು ಕಿಟಕಿಯ ಪರದೆಯ ಹಿಂದೆ. ಅವಳು ಮೇಲೆ ಹೋದ ಮೇಲೆ ನೆಲ ಮೂಸಿದ. ಅಂಗಳದ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ, ಪೊಲೀಸರಿಗೆ ಬೇಕಾಗುತ್ತದೆ ಎಂದು ಮಂಚದ ಕೆಳಗೆ ಇಟ್ಟ. ಬೌದಿ ಪೌಷ ಸಂಕ್ರಾಂತಿಗೆ ಕೊಟ್ಟ ಪಿಠೆ ಎಂಬ ಸಿಹಿ ಕಡುಬನ್ನು ಮಹಾಲಕ್ಷ್ಮಿ ತಿಂದಾಗ, ಅರ್ಧ ಗಂಟೆ ಹೆಂಡತಿಯ ಮುಖವನ್ನೇ ನೋಡುತ್ತಾ ಕೂತಿದ್ದ.

"ಸತ್ತಿಲ್ರಿ, ಚಹಾ ಕುಡೀರಿ" ಎಂದಳು ಮಹಾಲಕ್ಷ್ಮಿ.

ನಾಲ್ಕನೇ ಸೋಮವಾರ ಬಂತು. ಮೈಲಾರಿ ಬೆಳಿಗ್ಗೆ ಆರಕ್ಕೆ ಒಮ್ಮೆ ಬಿದ್ದ. ಎದ್ದು ಅರ್ಧ ಗಂಟೆಯಾಗಿರಲಿಲ್ಲ, ಮತ್ತೆ ಬಿದ್ದ. ಮೂರನೇ ಸಲ ಬಿದ್ದವನು ಏಳಲೇ ಇಲ್ಲ, ಕಾಲು ಬಡಿಯುವುದು ನಿಲ್ಲಲಿಲ್ಲ. ಮಹಾಲಕ್ಷ್ಮಿ ಗಡಿಯಾರ ನೋಡಿದಳು, ಐದು ನಿಮಿಷ ದಾಟಿತ್ತು. ಮೈಲಾರಿ ಸಾಯುತ್ತಾನೆ ಎಂದು ಅವಳಿಗೆ ಅನ್ನಿಸಿತು, ಅಳು ತಡೆಯಲಾಗಲಿಲ್ಲ.

ಕಲ್ಲಪ್ಪ ಮೆಟ್ಟಿಲ ಕೆಳಗೆ ನಿಂತು, ತನಗೆ ಬರುವಷ್ಟು ಬಂಗಾಳಿಯಲ್ಲಿ ಕೂಗಿದ. "ನೀವೇ ವಿಷ ಹಾಕಿದ್ದು. ನನ್ನ ಹತ್ತಿರ ಬಾಟಲಿ ಇದೆ."

ಶಿಪ್ರಾ ಬೌದಿ ಇಳಿದು ಬಂದಳು. ನಾಯಿಯನ್ನು ನೋಡಿದಳು, ಕಲ್ಲಪ್ಪನನ್ನು ನೋಡಿದಳು. "ಜಗಳ ಆಮೇಲೆ ಆಡೋಣ, ಮೊದಲು ಎತ್ತು" ಎಂದಳು. ಬೀದಿಯ ತುದಿಯಲ್ಲಿ ನಿಂತಿದ್ದ ಟ್ಯಾಕ್ಸಿಯವನು ನಾಯಿಯನ್ನು ಕಂಡು ಒಲ್ಲೆನೆಂದ. ಬೌದಿ ಸೀಟಿನ ಮೇಲೆ ತನ್ನದೊಂದು ಹಳೆಯ ಸೀರೆ ಹಾಸಿ, ಡ್ರೈವರನ ಪಕ್ಕ ತಾನೇ ಕೂತಳು. ದಾರಿಯುದ್ದಕ್ಕೂ ಕಲ್ಲಪ್ಪ ಅವಳ ಕುತ್ತಿಗೆಯ ಹಿಂಭಾಗವನ್ನೇ ದಿಟ್ಟಿಸುತ್ತಿದ್ದ. ಸಾಕ್ಷ್ಯ ನಾಶ ಮಾಡಲು ಜೊತೆಗೆ ಬರುತ್ತಿದ್ದಾಳೆ ಎಂದು ಅವನ ಲೆಕ್ಕ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರು, ಸಲೈನ್ ಹಚ್ಚಿದರು. ಅಂತೂ ಸೆಟೆದ ಕಾಲು ಸಡಿಲವಾಯಿತು. ಇನ್ನೊಂದಿಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಅಪರ್ಣಾ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಮಹಾಲಕ್ಷ್ಮಿ ಮಡಚಿ ತಂದಿದ್ದ ಕ್ಯಾಲೆಂಡರನ್ನು ಅವಳ ಕೈಗಿಟ್ಟಳು.

ಕಲ್ಲಪ್ಪ ಬೆರಳಿಟ್ಟು ತೋರಿಸಿದ. "ನೋಡವಾ, ಎಲ್ಲಾ ಸೋಮವಾರ. ಇವರು ಫಿನಾಯಿಲ್ ಹಾಕೂದೂ ಸೋಮವಾರ."

ಅಪರ್ಣಾ ಕ್ಯಾಲೆಂಡರನ್ನು ಸ್ವಲ್ಪ ಹೊತ್ತು ನೋಡಿದಳು. "ಅಂಕಲ್, ಮೊದಲ ತಿಂಗಳು ಒಂದು ಸಲಾನೂ ಬಿದ್ದಿಲ್ಲ. ಆವಾಗ ಅವರು ಅಂಗಳ ತೊಳೀತಿರ್ಲಿಲ್ವಾ?"

"ತೊಳೀತಿದ್ರು."

"ಹಾಗಾದ್ರೆ ಆಮೇಲೆ ಬದಲಾಗಿದ್ದು ಏನು? ಭಾನುವಾರ ನಿಮ್ಮನೇಲಿ ಏನು ವಿಶೇಷ?"

"ರವಿವಾರ ನಮ್ಮ ದೇವರ ವಾರ" ಎಂದಳು ಮಹಾಲಕ್ಷ್ಮಿ. "ಇವರು ಸಂಜೀತನಕ ಉಪಾಸ ಇರ್ತಾರ."

"ಮೈಲಾರಿ?"

ಕಲ್ಲಪ್ಪ ಕ್ಯಾಲೆಂಡರಿನ ಮೇಲಿಟ್ಟಿದ್ದ ಬೆರಳನ್ನು ಹಿಂದೆ ತೆಗೆದುಕೊಂಡ. ಮಹಾಲಕ್ಷ್ಮಿ ಗಂಡನ ಕಡೆ ತಿರುಗಿದಳು. ಭಾನುವಾರ ಬೆಳಿಗ್ಗೆ ಅವಳು ರೊಟ್ಟಿ ಕೊಡಲು ಟಾಲಿಗಂಜಿಗೆ ಹೋದರೆ ಬರುವುದು ಮಧ್ಯಾಹ್ನ ದಾಟಿಯೇ.

"ಗುಳಿಗಿ ಕೊಡತಿದ್ರಿಲ್ಲೋ?"

"ಹೋದ ತಿಂಗಳಿಂದ ವಾರದ ದಿನ ಕೊಟ್ಟಿಲ್ಲ" ಎಂದ ಕಲ್ಲಪ್ಪ. ದನಿ ನೆಲ ಹಿಡಿದಿತ್ತು. "ಅಂವಾ ದೇವರ ನಾಯಿ. ನನ್ನ ಸಂಗಾಟ ಅಂವಂದೂ ಉಪಾಸ ಆಗಲಿ, ಭಂಡಾರ ಹಚ್ಚಿದ್ರ ಸಾಕು ಅಂದ್ಕೊಂಡೆ. ಆರಾಮ ಇದ್ದನಲ್ಲ. ಗುಳಿಗಿಂದ ಆರಾಮ ಆಗೇತೋ, ದೇವರಿಂದ ಆಗೇತೋ, ಬಿಟ್ಟು ನೋಡೂಣು ಅನಿಸ್ತು."

"ರಾತ್ರಿದು?" ಎಂದಳು ಅಪರ್ಣಾ.

"ಅದನ್ನೂ."

ಮಹಾಲಕ್ಷ್ಮಿ ಸೆರಗು ಬಾಯಿಗೆ ಹಿಡಿದಳು. ಊರಿನವರನ್ನೆಲ್ಲ ಅನುಮಾನಿಸಿದ ಗಂಡನನ್ನು ತಾನು ಒಂದು ದಿನವೂ ಅನುಮಾನಿಸಲಿಲ್ಲವಲ್ಲ ಎಂದು ಅವಳಿಗೆ ಸಂಕಟವಾಯಿತು. ಸಿಟ್ಟೂ ಬಂತು.

ಅಪರ್ಣಾ ಬೈಯಲಿಲ್ಲ. "ಅಂಕಲ್, ಈ ಮಾತ್ರೆ ಫಿಟ್ಸನ್ನ ಹಿಡಿದು ಇಟ್ಟಿರುತ್ತೆ, ಅಷ್ಟೇ. ಒಂದು ದಿನ ಕೈಬಿಟ್ರೆ ಮೊದಲಿಗಿಂತ ಜೋರಾಗಿ ಬರಬಹುದು. ಅದರ ಮೇಲೆ ಹೊಟ್ಟೆಗೂ ಇಲ್ಲ. ವಾರ ನೀವು ಮಾಡಿ, ಭಂಡಾರ ಹಚ್ಚಿ, ಯಾರೂ ಬೇಡ ಅನ್ನಲ್ಲ. ಆದ್ರೆ ಅವನಿಗೆ ಮೊದಲು ಊಟ, ಮಾತ್ರೆ. ಬಿಡಬೇಕು, ಕಮ್ಮಿ ಮಾಡಬೇಕು ಅನ್ನಿಸಿದ್ರೆ ನಮ್ಮನ್ನ ಕೇಳಿ. ನಾವು ನಿಧಾನಕ್ಕೆ ಇಳಿಸ್ತೀವಿ."

"ಜೀವ ಇರೂತನಕ ಗುಳಿಗಿ ಅಂದ್ರ ನಮ್ಮಂಥವರಿಗೆ ನೀಗತೈತೇನವಾ?"

"ನೀಗೋ ಹಾಗೇ ಬರೆದಿದೀವಿ. ಕಂಪನಿ ಹೆಸರಿನ ಮಾತ್ರೆ ಬೇಡ, ಜೆನೆರಿಕ್ ಕೊಡಿ ಅಂತ ಚೀಟಿ ತೋರಿಸಿ ಕೇಳಿ. ರಕ್ತ ಪರೀಕ್ಷೆ ನಾವು ಹೇಳಿದಾಗ ಮಾತ್ರ ಸಾಕು. ನಿಮ್ಮ ಕೈಲಿ ಎಷ್ಟಾಗುತ್ತೆ ಅಂತ ಡಾಕ್ಟರಿಗೆ ನೇರವಾಗಿ ಹೇಳಿ. ಅದರಲ್ಲಿ ನಾಚಿಕೆ ಏನಿದೆ? ಆ ಕ್ಲಿನಿಕ್ಕಲ್ಲೂ ಕೇಳಿದ್ರೆ, ಯಾವುದು ಈಗ ಬೇಕು, ಯಾವುದು ಆಮೇಲೆ ಅಂತ ಹೇಳ್ತಿದ್ರೇನೋ. ನೀವು ಕೇಳಲೇ ಇಲ್ಲ."

ಕಲ್ಲಪ್ಪ ಎದ್ದು ಶಿಪ್ರಾ ಬೌದಿಯ ಮುಂದೆ ಹೋಗಿ ನಿಂತ. ಕನ್ನಡದ ಮಾತು ಒಂದೂ ಅರ್ಥವಾಗದೆ ಅವಳು ಅಷ್ಟು ಹೊತ್ತಿನಿಂದ ಮೂವರ ಮುಖ ನೋಡುತ್ತಾ ಕೂತಿದ್ದಳು.

"ತಪ್ಪು ನನ್ನದು, ಬೌದಿ. ಮಾತ್ರೆ ನಿಲ್ಲಿಸಿದವನು ನಾನೇ" ಎಂದ.

"ಮತ್ತೆ ಆ ಬಾಟಲಿ?" ಎಂದಳು ಅವಳು.

"ಚೆಲ್ಲಿಬಿಡುತ್ತೇನೆ."

"ಅಂಗಳದಲ್ಲಿ ಚೆಲ್ಲಬೇಡ, ಬೆಳಿಗ್ಗೆಯಷ್ಟೇ ತೊಳೆದಿದ್ದೇನೆ" ಎಂದು ಬೌದಿ ಮುಖ ತಿರುಗಿಸಿದಳು. ಅವಳಿಗೆ ಬೇಸರವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಮಾತು ಮೊದಲಿನಂತಾಗಲು ಎರಡು ತಿಂಗಳು ಹಿಡಿಯಿತು.

ಈಗ ಮಾತ್ರೆ ಕೊಡುವುದು ಇಬ್ಬರ ಕೆಲಸ. ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ನೋಡುತ್ತಾರೆ. ಸ್ಟ್ರಿಪ್ಪಿನಲ್ಲಿ ಐದು ಮಾತ್ರೆ ಉಳಿದಾಗಲೇ ಹೊಸದು ತರುತ್ತಾರೆ. ಈ ಐದು ತಿಂಗಳಲ್ಲಿ ಮೈಲಾರಿ ಬಿದ್ದದ್ದು ಒಂದೇ ಸಲ, ಅದೂ ಒಂದು ನಿಮಿಷದೊಳಗೆ ಎದ್ದು ಕೂತ. ಪೂರ್ತಿ ವಾಸಿಯಾಗಿದೆ ಎಂದು ಯಾರೂ ಹೇಳಿಲ್ಲ. ಆದರೆ ಕಲ್ಲಪ್ಪ ಗೋದಾಮಿನಿಂದ ಬರುವ ಹೊತ್ತಿಗೆ ಅವನು ಬಾಗಿಲಲ್ಲಿ ಇರುತ್ತಾನೆ.

ಈ ಕಥೆ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ನಾಯಿಗೂ ಫಿಟ್ಸ್ ಬರುತ್ತಿರಬಹುದು. ಬಿದ್ದಾಗ ಅದರ ಬಾಯಿಗೆ ಕೈ ಹಾಕಬೇಡಿ, ಕಬ್ಬಿಣ ಇಡಬೇಡಿ. ಕಚ್ಚಿದರೆ ಸೋಪು ಹಚ್ಚಿ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಓಡಿ. ಫಿಟ್ಸ್ ಐದು ನಿಮಿಷ ದಾಟಿದರೆ, ಒಂದೇ ದಿನ ಎರಡು ಸಲ ಬಂದರೆ ನಾಯಿಯನ್ನೂ ತಡಮಾಡದೆ ಕರೆದೊಯ್ಯಿರಿ. ಕೈಯಲ್ಲಿ ಹಣ ಕಡಿಮೆ ಇದ್ದರೆ ಹತ್ತಿರದ ಸರಕಾರಿ ಪಶು ಆಸ್ಪತ್ರೆಯನ್ನೋ ಪಶುವೈದ್ಯ ಕಾಲೇಜನ್ನೋ ವಿಚಾರಿಸಿ, ನಿಮ್ಮ ಕಷ್ಟವನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ. ಅನುಮಾನ ಯಾರಿಗೂ ಬರುತ್ತದೆ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾತ್ರೆ ನಿಲ್ಲಿಸಬೇಡಿ. ನಾಯಿ ಆರಾಮವಾಗಿದೆ ಎಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದೇ ತಿಳಿಯಿರಿ.

ಇವತ್ತಿನದು ಕೊಟ್ಟಾಯಿತೇ? ಈ ಹಾಳೆ ಕೆಳಗಿಟ್ಟು, ಹೋಗಿ ನೋಡಿ ಬನ್ನಿ.