ಮಗ್ಗ ನಿಂತಾಗ ಕೇಳಿಸಿದ ಮಾತು

ನನಗೊಂದು ಸಣ್ಣ ಚಿಂತೆ ಇತ್ತು. ಡೈರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ನನಗೆ ರೋಗಗಳ ಹೆಸರು ಗೊತ್ತು, ಆದರೆ ನಮ್ಮ ಮನೆಯ ಮಾತಿನಲ್ಲಿ ಗೊತ್ತಿಲ್ಲ.

ನನ್ನ ಹೆಸರು ಸಾಕ್ಷಿ. ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಮಗ್ಗದ ಓಣಿಯೊಳಗೆ ನಮ್ಮ ಮನೆ. ಕೊಲ್ಹಾಪುರಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದ್ದೇನೆ. ನರಮಂಡಲದ ಪಾಠವೆಂದರೆ ನನಗೆ ಇಷ್ಟ. ಸೆರೆಬ್ರಮ್, ಸೆರೆಬೆಲ್ಲಮ್, ನ್ಯೂರಾನ್ ಎಂದು ಇಂಗ್ಲಿಷಿನಲ್ಲಿ ಬರೆದು, ಮರಾಠಿಯಲ್ಲಿ ಅರ್ಥ ಮಾಡಿಕೊಂಡು ಪಾಸಾದೆ. ಕನ್ನಡ ನಮಗೆ ಮನೆಯೊಳಗಿನದು. ಅದರಲ್ಲಿ ರೊಟ್ಟಿ ಇದೆ, ಜಗಳ ಇದೆ, ಚೇಷ್ಟೆ ಇದೆ. ಮೆದುಳಿನ ಮಾತು ಅದರಲ್ಲಿ ನಾವು ಎಂದೂ ಆಡಿರಲಿಲ್ಲ. ಮೇಲಾಗಿ ನನ್ನ ದನಿ ಬಹಳ ಸಣ್ಣದು. "ಈ ಹುಡುಗಿ ಮಾತಾಡಿದ್ರ ಇರಿವಿ ನಡದಂಗ" ಎಂದು ಅವ್ವ ಎಲ್ಲರೆದುರು ಹೇಳಿ ನಗುತ್ತಾಳೆ. ನಾನೂ ನಕ್ಕು ಒಳಗೆ ಹೋಗುತ್ತೇನೆ.

ಒಂದು ದಿನ ಅಪ್ಪನಿಗೆ ಮಗ್ಗದ ಕೆಲಸಕ್ಕೆ ರಜೆ ಇತ್ತು. ಕಟ್ಟೆಯ ಮೇಲೆ ಕುಳಿತು ಬಶಿಯಲ್ಲಿ ಚಹಾ ಕುಡಿಯುತ್ತಿದ್ದ. ಚಹಾ ಎಡ ತುಟಿಯಿಂದ ಸೋರಿ ಅಂಗಿಯ ಮೇಲೆ ಇಳಿಯಿತು.

"ಏನ್ರಿ, ಕೂಸಿನಂಗ ಚೆಲ್ಲಾಕತ್ತೀರಲ್ಲ. ಜೊಲ್ಲಿನ ಬಟ್ಟಿ ಕಟ್ಟಲೇನು ಕೊರಳಿಗೆ?" ಅವ್ವ ನಕ್ಕಳು.

ಅಪ್ಪ ಏನೋ ಉತ್ತರ ಕೊಟ್ಟ. ಮಾತು ಬಾಯಲ್ಲಿ ನೂಲು ತುಂಬಿಕೊಂಡ ಹಾಗೆ ಬಂತು. ಎಡಗೈಯಿಂದ ಬಶಿ ಜಾರಿತು. ಅವ್ವನ ನಗೆ ನಿಂತಿತು. ಓಡಿ ಹೋಗಿ ಎಣ್ಣೆ ತಂದು ಕೆನ್ನೆ ತಿಕ್ಕಿದಳು. ಸ್ವಲ್ಪ ಹೊತ್ತಿಗೆ ಬಾಯಿ ಸರಿಯಾಯಿತು, ಮಾತೂ ಸರಿಯಾಯಿತು.

"ಗಾಳಿ ಬಡದಿತ್ತು, ಹೋತು" ಎಂದಳು ಅವ್ವ.

"ಅಪ್ಪಾ, ಇದು ಟ್ರಾನ್ಸಿಯಂಟ್ ಇಸ್ಕೆಮಿಕ್ ಅಟ್ಯಾಕ್ ಇರಬಹುದು" ಎಂದೆ ನಾನು.

"ಏನು? ಅಟ್ಯಾಕ್? ಅಟ್ಯಾಕ್ ಬಂದಾಂವ ಹಿಂಗ ಗಟ್ಟಿ ಕುಂದರತಾನೇನ, ಹುಚ್ಚಿ? ನಿನ್ನ ಇಂಗ್ಲಿಷ್ ಕಾಲೇಜಿನ್ಯಾಗ ಇಡು. ನನಗ ಇನ್ನೊಂದು ಕಪ್ ಚಾ ಕೊಡು."

ನಾನು ಚಹಾ ಕೊಟ್ಟೆ. ಆಮೇಲೆ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಕಾಂಚನಕ್ಕನ ಮನೆಗೆ ಹೋಗಿ, ನಡೆದದ್ದನ್ನೆಲ್ಲ ಹೇಳಿದೆ. ಆಕೆ ಅಕ್ಕಿ ಆರಿಸುವುದನ್ನು ಅರ್ಧಕ್ಕೇ ಬಿಟ್ಟು ಎದ್ದಳು.

"ಸಾಕ್ಷಿ, ಅಷ್ಟು ದೊಡ್ಡ ಹೆಸರ ಯಾಕ? ಸಣ್ಣ ಲಕ್ವಾ ಅನ್ನು, ಮನ್ಯಾಗ ತಿಳೀತೈತಿ. ಮೆದುಳಿಗೆ ರಕ್ತ ಒಯ್ಯೂ ನಾಳ ಒಂದು ಗಳಿಗಿ ಕಟ್ಟಿ ಮತ್ತ ಬಿಟ್ಟೈತಿ. ಮಗ್ಗಕ್ಕ ಕರೆಂಟ್ ಲೈನ್ ಹೋಗಿ ಬಂದಂಗ. ನಾಳೆ ಹೋದ ಲೈನ್ ಬರದೇ ಇರಬಹುದು. ಇವತ್ತ ತೋರಿಸಬೇಕು. ನಡಿ, ನಾನೂ ಬರ್ತೀನಿ."

ಬಂದಳು, ಹೇಳಿದಳು. ಲಕ್ವಾ, ಅಂದರೆ ಪಾರ್ಶ್ವವಾಯು, ಎಂಬ ಮಾತು ಕಿವಿಗೆ ಬಿದ್ದದ್ದೇ ಅವ್ವ ಎರಡೂ ಕೈ ಮುಗಿದಳು.

"ಆ ಶಬ್ದ ನಮ್ಮ ಮನ್ಯಾಗ ತರಬ್ಯಾಡ ನಮ್ಮವ್ವಾ. ನಮ್ಮ ತಾಯಿ ಅದರಾಗ ನೆಲ ಹಿಡದಾಕಿ ಹಂಗ ಹ್ವಾದ್ಲು. ಅಂದ್ರ ಬರ್ತೈತಿ ಅದು."

"ಅನ್ನದೇ ಇದ್ರೂ ಬರ್ತೈತ್ರಿ, ಗಂಗುಬಾಯಿ. ಮಾಯಪ್ಪಣ್ಣಾ, ಬೀಪಿ ಗುಳಿಗಿ ತಗೋತೀರಿಲ್ಲ?"

"ಅದನ್ನ ನುಂಗಿದ್ರ ಮಗ್ಗದ ಮುಂದ ತೂಕಡಿಕಿ ಬರ್ತೈತ್ರಿ. ಬಿಟ್ಟೇನಿ" ಎಂದ ಅಪ್ಪ. "ಈಗ ಆರಾಮ ಅದೀನಲ್ಲ, ನೋಡ್ರಿ." ಎರಡೂ ಕೈ ಎತ್ತಿ ತೋರಿಸಿದ. "ನಾಳೆ ಮಗ್ಗಕ್ಕ ಹೊಸ ನೂಲಿನ ಬೀಮ್ ಏರಿಸೂದೈತಿ. ಅದು ಮುಗೀಲಿ, ಹೋಗೂಣ."

ಕಾಂಚನಕ್ಕ ನನ್ನ ಮುಖ ನೋಡಿದಳು. ನಾನು ಚಹಾದ ಕಪ್ಪು ತೊಳೆಯಲು ಹೋದೆ.

ಬೀಮ್ ಏರಿತು. ವಾರ ಕಳೆಯಿತು. ದವಾಖಾನೆಯ ಮಾತು ಯಾರೂ ತೆಗೆಯಲಿಲ್ಲ.

ಮಗ್ಗದ ಶೆಡ್ಡಿನೊಳಗೆ ಎಂದಾದರೂ ಹೋದವರಿಗೆ ಗೊತ್ತು, ಮಗ್ಗಗಳ ಗದ್ದಲದಲ್ಲಿ ಅಲ್ಲಿ ಮಾತು ಕೇಳಿಸುವುದಿಲ್ಲ. ಕೆಲಸಗಾರರು ಕೈಯಿಂದ, ಕಣ್ಣಿಂದ, ತುಟಿಯಿಂದ ಮಾತಾಡುತ್ತಾರೆ. ಎರಡು ಬೆರಳು ತಿರುವಿದರೆ ನೂಲು ಹರಿದಿದೆ ಎಂದರ್ಥ. ನಮ್ಮ ಅಪ್ಪನ ಶೆಡ್ಡಿನ ಶೇಠ ದಿನವಿಡೀ ಬಲಗೆನ್ನೆಯಲ್ಲಿ ಪಾನು ಇಟ್ಟುಕೊಂಡಿರುತ್ತಾನೆ. ಅದಕ್ಕೆ ಬಾಯಿಯನ್ನು ಬಲಕ್ಕೆ ಸೊಟ್ಟ ಮಾಡಿದರೆ ಶೇಠ ಬಂದಾನ, ತಲೆ ಬಗ್ಗಿಸಿರಿ ಎಂದರ್ಥ. ಈ ಸನ್ನೆ ಹುಟ್ಟಿಸಿದವನು ಅಪ್ಪನ ಪಕ್ಕದ ಮಗ್ಗದ ಯಲಗೂರಪ್ಪ. ಚೇಷ್ಟೆಯ ಮನುಷ್ಯ.

ಆ ವಾರದ ಮೇಲೆ ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ಒಯ್ದಾಗ ಶೆಡ್ಡಿನಲ್ಲಿ ಎಲ್ಲರೂ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದರು. ಯಲಗೂರಪ್ಪ ನನ್ನತ್ತ ತಿರುಗಿ ಬಾಯಿ ಸೊಟ್ಟ ಮಾಡಿದ. ನಾನು ಸುತ್ತ ನೋಡಿದೆ. ಶೇಠ ಎಲ್ಲೂ ಇರಲಿಲ್ಲ.

ಅಪ್ಪ ಇದ್ದ. ಅವನ ಎಡ ತುಟಿ ಜೋತು ಬಿದ್ದಿತ್ತು, ಬಾಯಿ ಬಲಕ್ಕೆ ಎಳೆದಿತ್ತು. ಎಡಗೈ ಗೂಟಕ್ಕೆ ಹಾಕಿದ ಅಂಗಿಯ ತೋಳಿನಂತೆ ನೇತಾಡುತ್ತಿತ್ತು. ಬಲಗೈ ಒಂದರಿಂದಲೇ ಹರಿದ ಎಳೆಯನ್ನು ಗಂಟು ಹಾಕಲು ನೋಡುತ್ತಿದ್ದ. ಆಗುತ್ತಿರಲಿಲ್ಲ. ಮತ್ತೆ ನೋಡುತ್ತಿದ್ದ.

"ಅಪ್ಪಾ!" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಯಲಗೂರಪ್ಪ ಹಲ್ಲು ಕಿರಿದು, ಡಬ್ಬಿಯಲ್ಲಿ ಏನೈತಿ ಎಂದು ಕೈಯಲ್ಲಿ ಕೇಳಿದ.

ಗೋಡೆಗೆ ಮೇನ್ ಸ್ವಿಚ್ ಇತ್ತು. ಅದನ್ನು ಶೇಠನನ್ನು ಬಿಟ್ಟು ಯಾರೂ ಮುಟ್ಟುತ್ತಿರಲಿಲ್ಲ. ನಾನು ಡಬ್ಬಿ ನೆಲಕ್ಕಿಟ್ಟು, ಹಿಡಿಕೆಯನ್ನು ಎರಡೂ ಕೈಯಿಂದ ಕೆಳಗೆ ಎಳೆದೆ.

ಮಗ್ಗಗಳು ಒಂದೊಂದಾಗಿ ನಿಂತವು. ಆ ನಿಶ್ಶಬ್ದದೊಳಗೆ ಅಪ್ಪ ಮಾತಾಡಿದ. ಲೈನ್ ಹೋತೇನ ಎಂದು ಕೇಳುತ್ತಿದ್ದನೆಂದು ಕಾಣುತ್ತದೆ. ಬಂದದ್ದು ಬರೀ ತೊದಲು. ಶೆಡ್ಡಿನಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತು. ಯಲಗೂರಪ್ಪನ ಸೊಟ್ಟ ಬಾಯಿ ತಾನಾಗಿ ನೆಟ್ಟಗಾಯಿತು.

"ಮೇನ್ ಕೋಣೀ ಬಂದ ಕೇಲಾ ರೇ?" ಯಾರು ಬಂದ್ ಮಾಡಿದ್ದೆಂದು ಹೊರಗಿನಿಂದ ಶೇಠ ಮರಾಠಿಯಲ್ಲಿ ಕೂಗಿದ.

ಕೆಲಸಗಾರರು ಅಪ್ಪನನ್ನು ಕೆಳಗೆ ಕೂರಿಸಿದರು. ಯಲಗೂರಪ್ಪ ನೀರು ತುಂಬಿಕೊಂಡು ಓಡಿ ಬಂದ. "ಲಕ್ವಾ ಐತಿ ಇದು. ಗಾಡಿ ತರ್ರಿ. ಗಡಹಿಂಗ್ಲಜ ಕಡೆ ಒಬ್ಬಾಂವ ಅದಾನ, ಎಣ್ಣಿ ಹಚ್ಚಿ ಮೂಗಿನ್ಯಾಗ ರಸ ಬಿಡತಾನ. ನಮ್ಮ ಮಾವಗೂ ಅಲ್ಲೇ ಒಯ್ದಿದ್ವಿ."

ನಾನು ಕಾಂಚನಕ್ಕನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಅವನ ಕೈಗೆ ಕೊಟ್ಟೆ. ನನಗೆ ಮಾತು ಬರಲಿಲ್ಲ. ಅವನೇ ಎಲ್ಲ ಹೇಳಿದ, ಗಡಹಿಂಗ್ಲಜದ ಮಾತನ್ನೂ ಹೇಳಿದ.

"ನಿಮ್ಮ ಮಾವ ಈಗ ಹೆಂಗದಾರ?" ಕಾಂಚನಕ್ಕ ಕೇಳಿದಳು.

"ಹಾಸಿಗಿ ಮ್ಯಾಲ ಅದಾನ್ರಿ" ಎಂದ ಯಲಗೂರಪ್ಪ.

"ಹಂಗಾದ್ರ ನೂರಾ ಎಂಟಕ್ಕ ಹಚ್ಚರಿ. ತಲಿ ಸ್ಕ್ಯಾನ್ ಮಾಡೂ ದವಾಖಾನಿಗೇ ಒಯ್ಯಬೇಕು ಅಂತ ಹೇಳ್ರಿ. ಒಂದು ಮಗ್ಗಲಾ ಮಲಗಸ್ರಿ. ನೀರ ಬ್ಯಾಡ, ಚಾ ಬ್ಯಾಡ, ಗುಳಿಗಿನೂ ಬ್ಯಾಡ. ನುಂಗೂ ಶಕ್ತಿ ಹೋಗಿದ್ರ ಉಸಿರಿನ ಹಾದ್ಯಾಗ ಇಳೀತೈತಿ."

ಅಪ್ಪನ ತುಟಿಯ ತನಕ ಬಂದಿದ್ದ ಲೋಟವನ್ನು ಯಲಗೂರಪ್ಪ ಹಿಂದಕ್ಕೆ ತೆಗೆದ.

ಆಂಬುಲೆನ್ಸಿನಲ್ಲಿ ಅವ್ವ, ಯಲಗೂರಪ್ಪ, ನಾನು ಜೊತೆಗೆ ಹೋದೆವು. ಕೊಲ್ಹಾಪುರದ ದವಾಖಾನೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. ಇವರು ಕೊನೆಯ ಸಲ ಸರಿಯಾಗಿ ಇದ್ದದ್ದು ಯಾವಾಗ?

ಯಾರಿಗೂ ಗೊತ್ತಿರಲಿಲ್ಲ. ಶೆಡ್ಡಿನಲ್ಲಿ ಬೆಳಗಿನಿಂದ ಯಾರೂ ಯಾರ ಮಾತನ್ನೂ ಕೇಳಿರಲಿಲ್ಲ. ಯಲಗೂರಪ್ಪ ತಲೆ ಎತ್ತದೆ ಹೇಳಿದ: "ಮುಂಜಾನಿ ಪಾಳಿ ಚಾಲೂ ಆಗಿ ಸ್ವಲ್ಪ ಹೊತ್ತಿಗೆ ಮಾಯಪ್ಪ ಬಾಯಿ ಸೊಟ್ಟ ಮಾಡಿದ್ದನ್ರಿ. ನಾವು ಶೇಠ ಬಂದಾನ ಅಂತ ತಿಳದು ತಲಿ ಬಗ್ಗಿಸಿದ್ವಿ." ಅಷ್ಟು ಹೇಳಿ, ಹೆಗಲ ಮೇಲಿನ ಟವೆಲ್ ಮುಖಕ್ಕೆ ಒತ್ತಿಕೊಂಡ.

ಸ್ಕ್ಯಾನ್ ಆಯಿತು. ಡಾಕ್ಟರು ಮರಾಠಿಯಲ್ಲಿ ತಿಳಿಸಿ ಹೇಳಿದರು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ. ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಲಕ್ವಾ ಶುರುವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಇವರಿಗೆ ಆ ಹೊತ್ತು ದಾಟಿದೆ. ರಕ್ತ ಸಿಗದ ಭಾಗ ಆಗಲೇ ಸತ್ತಿದೆ.

ಅವ್ವ ಫಿಲ್ಮಿನಲ್ಲಿದ್ದ ಕಪ್ಪು ಕಲೆಯನ್ನು ನೋಡುತ್ತಿದ್ದಳು. "ಹೋದದ್ದು ಎಡಗೈ. ಇವರು ತಲಿಯಾಗ ಬಲಕ್ಕ ಯಾಕ ತೋರಸಾಕತ್ತಾರ?"

"ಬಲಗಡೆ ಮೆದುಳು ಎಡಗಡೆ ಮೈ ನಡಸತೈತಿ, ಅವ್ವಾ" ಎಂದೆ. "ಅಲ್ಲಿಂದ ನರದಾಗ ಹುಕುಮ್ ಬಂದ್ರನ ಕೈ ಏಳೂದು. ಕೈ ಕೆಟ್ಟಿಲ್ಲ. ಹುಕುಮ್ ಬರಾಕ ಒಲ್ಲದು."

ಅವ್ವ ನನ್ನತ್ತ ತಿರುಗಿದಳು. "ಇಷ್ಟ ಸರಳ ಇತ್ತೇನ ಇದು? ಅವತ್ತು ಹಿಂಗ ಹೇಳಿದ್ದಿದ್ರ ನನಗೂ ತಿಳೀತಿತ್ತಲ್ಲ, ಮಗಳ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅಪ್ಪ ಮನೆಗೆ ಬಂದ. ಕೋಲು ಹಿಡಿದರೆ ಕಾಲು ಸ್ವಲ್ಪ ನಡೆಯುತ್ತದೆ. ಮಾತು ಅರ್ಧ ತಿಳಿಯುತ್ತದೆ. ದಿನವೂ ವ್ಯಾಯಾಮ ಮಾಡಿಸುತ್ತೇವೆ. ಆದರೆ ಎಡಗೈ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತದೆ. ಗಂಟು ಹಾಕಲು ಎರಡು ಕೈ ಬೇಕು. ಅವನು ಕಟ್ಟೆಯ ಮೇಲೆ ಕುಳಿತು, ನೂಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಇನ್ನೊಂದನ್ನು ಬಲಗೈಯಲ್ಲಿ ಹಿಡಿದು ನೋಡುತ್ತಾನೆ. ನಾವು ಯಾರಾದರೂ ಬಂದರೆ ನೂಲನ್ನು ಕಿಸೆಯಲ್ಲಿ ಇಟ್ಟುಕೊಳ್ಳುತ್ತಾನೆ.

ಬೀಪಿ ಗುಳಿಗೆಯನ್ನು ಈಗ ಅವ್ವನೇ ಮುಂದೆ ನಿಂತು ನುಂಗಿಸುತ್ತಾಳೆ. "ನಿದ್ದಿ ಬಂದ್ರ ಬರಲಿ. ಈಗೆಲ್ಲಿ ಮಗ್ಗ ಐತಿ ನಿಮಗ" ಎನ್ನುತ್ತಾಳೆ. ಗುಳಿಗೆಯಿಂದ ತೊಂದರೆಯಾದರೆ ಡಾಕ್ಟರಿಗೆ ಹೇಳಿ ಬೇರೆಯದನ್ನು ಬರೆಸಿಕೊಳ್ಳಬಹುದಂತೆ, ತಾವಾಗಿ ಬಿಡಬಾರದಂತೆ. ಅದೂ ನಮಗೆ ಈಗ ಗೊತ್ತಾಯಿತು. ಆದರೆ ಯಾರಾದರೂ ಬಂದು "ಆರಾಮಾದ್ರಲ್ಲ?" ಎಂದರೆ ಅವ್ವ "ಹೌದ್ರಿ, ಆರಾಮ ಅದಾರ" ಎನ್ನುತ್ತಾಳೆ. ನಾನೂ ಹಾಗೇ ಅನ್ನುತ್ತಿದ್ದೆ. ಲಕ್ವಾ ಎಂಬ ಮಾತು ನಮ್ಮ ಮನೆಯಲ್ಲಿ ಇನ್ನೂ ಹೊಸ್ತಿಲ ಹೊರಗೇ ಇತ್ತು.

ಮೊನ್ನೆ ಬಚತ್ ಗಟದ, ಅಂದರೆ ಉಳಿತಾಯ ಸಂಘದ, ಹೆಂಗಸರು ನಮ್ಮ ಮನೆಯಲ್ಲೇ ಸೇರಿದ್ದರು. ಕಾಂಚನಕ್ಕ ಲಕ್ವಾದ ಬಗ್ಗೆ ಹೇಳುತ್ತಿದ್ದಳು. ಎದುರು ಮನೆಯ ಅನ್ನವ್ವಕ್ಕ ನಡುವೆ ಬಾಯಿ ಹಾಕಿದಳು.

"ನಮ್ಮವರಿಗೂ ಇವತ್ತ ಮುಂಜಾನಿ ಬಾಯಿ ಸ್ವಲ್ಪ ಹಂಗ ಆಗಿತ್ರಿ. ತಾನ ಸರಿ ಆತು, ಕೆಲಸಕ್ಕ ಹೋಗ್ಯಾರ. ಹೆದರೂದೇನ ಐತಿ? ನಮ್ಮ ಮಾಯಪ್ಪಣ್ಣನೂ ಆರಾಮಾದ್ರಲ್ಲ."

ಎಲ್ಲರೂ ಅವ್ವನ ಕಡೆ ನೋಡಿದರು. ಅವ್ವ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಬಾಗಿಲ ಆಚೆ ಅಪ್ಪ ಬೆನ್ನು ತಿರುಗಿಸಿ ಕುಳಿತಿದ್ದ. ಅವನಿಗೆ ಎಲ್ಲ ಕೇಳಿಸುತ್ತಿತ್ತು.

ನಾನು ಎದ್ದು ನಿಂತು ಏನೋ ಅಂದೆ. ಯಾರಿಗೂ ಕೇಳಿಸಲಿಲ್ಲ.

"ಜೋರ ಹೇಳು, ಸಾಕ್ಷಿ" ಎಂದಳು ಅವ್ವ. "ಹೇಳಿಬಿಡು."

ಅಂದು ಅನ್ನವ್ವಕ್ಕನಿಗೆ ಹೇಳಿದ್ದನ್ನೇ ಇದನ್ನು ಓದುವ ನಿಮಗೂ ಹೇಳುತ್ತೇನೆ. ಹತ್ತಿರ ಮಗ್ಗವೋ ಟಿವಿಯೋ ನಡೆದಿದ್ದರೆ ಒಂದು ಗಳಿಗೆ ನಿಲ್ಲಿಸಿ ಕೇಳಿರಿ.

"ಅನ್ನವ್ವಕ್ಕಾ, ಈಗ ಏಳ್ರಿ. ಕೆಲಸದ ಮ್ಯಾಲಿಂದ ಅವರನ್ನ ಕರಕೊಂಡು ಇವತ್ತ ದವಾಖಾನಿಗೆ ಹೋಗ್ರಿ. ತಾನ ಸರಿ ಆತು ಅಂತ ಬಿಡಬ್ಯಾಡ್ರಿ. ಮತ್ತೇನರ ಅನಿಸಿದ್ರ ಮಾರಿ ನಗಸಿ ನೋಡ್ರಿ, ಎರಡೂ ಕೈ ಎತ್ತಸ್ರಿ, ಒಂದು ಮಾತು ಆಡಸ್ರಿ. ಒಂದ ತಪ್ಪಿದ್ರೂ ಗಡಿಯಾರ ನೋಡಿ ಹೊತ್ತು ನೆನಪಿಡ್ರಿ, ನೂರಾ ಎಂಟಕ್ಕ ಹಚ್ಚರಿ. ನಮಗೂ ಮೊದಲ ಒಂದು ಸಲ ಹಿಂಗ ಸೂಚನಾ ಬಂದಿತ್ತು. ನಾವು ಚಾ ಕುಡದು ಸುಮ್ಮನ ಕುಂತ್ವಿ. ನಮ್ಮ ಅಪ್ಪಗ ಲಕ್ವಾ ಹೊಡದೈತಿ. ಅವರು ಆರಾಮ ಇಲ್ಲ."