ಮೂರನೇ ಹೊಂಡದ ನಾಲ್ಕು ಮೊಟ್ಟೆ

"ಕೊಳಚೆ ನೀರಲ್ಲಿ ದುಡಿಯೋನ ಕಣ್ಣಿಗೆ ಕಾಗೆಯೂ ರಾಜಹಂಸ ಕಣಯ್ಯಾ! ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು ನಂಗೆ ಹಕ್ಕಿಪಾಠ ಹೇಳ್ತಾನೆ!"

ಪಕ್ಷಿವೀಕ್ಷಕರ ಸಂಘದ ಅಧ್ಯಕ್ಷರು, ನಿವೃತ್ತ ಹಲ್ಲಿನ ಡಾಕ್ಟರು, ಹನ್ನೆರಡು ಜನರೆದುರು ಹೀಗೆಂದರು. ಎಲ್ಲರೂ ನಕ್ಕರು. ಅದೂ ಸದ್ದಿಲ್ಲದೆ, ಹಕ್ಕಿ ಹಾರಿಹೋಗದಂತೆ, ಬಾಯಿಗೆ ಕರ್ಚೀಫು ಒತ್ತಿಕೊಂಡು. ಗಹಗಹಿಸಿ ನಗುವವರನ್ನು ಸಹಿಸಬಹುದು; ಈ ಪಿಸುನಗೆ ಕಂಡರೆ ಮೈ ಉರಿಯುತ್ತದೆ.

ನಾನು ಹೇಳಿದ್ದು ಇಷ್ಟೇ: "ಸಾರ್, ಮೆಟ್ಟುಗಾಲು ಹಕ್ಕಿ ಇಲ್ಲೇ ಮೊಟ್ಟೆ ಇಟ್ಟಿದೆ. ಬರ್ಕೊಳ್ಳಿ."

ಊರಿನ ಕೊಳಚೆ ನೀರು ತಿಳಿಯಾಗಿಸುವ ಈ ಹೊಂಡಗಳ ಪಂಪು ನಡೆಸುವವನು ನಾನು. ಭಾನುವಾರ ಗೇಟು ತೆಗೆದು ಇವರನ್ನು ಒಳಗೆ ಬಿಡುವವನೂ ನಾನೇ. ಎರಡು ವರ್ಷದಿಂದ ಸದಸ್ಯನೂ ಹೌದು. ಇಬ್ಬರು ಕಂಡ ಹಕ್ಕಿ ಮಾತ್ರ ಸಂಘದ ಪುಸ್ತಕ ಸೇರಬೇಕೆಂಬುದು ನಿಯಮ. ಅಧ್ಯಕ್ಷರಿಗೆ ಅದಿಲ್ಲ. ಅವರು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, "ಶ್! ಕೇಳಿಸ್ತಾ?" ಎಂದರೆ ಮುಗಿಯಿತು, ಯಾರೂ ಕಾಣದ ಹಕ್ಕಿ ದಾಖಲಾಗುತ್ತದೆ. ಹೋದ ವಾರ ಹಾಗೆ ದಾಖಲಾದದ್ದು ನಮ್ಮ ಎರಡನೇ ಪಂಪಿನ ಬೇರಿಂಗು. ಗ್ರೀಸು ಹಾಕಿದ ಮೇಲೆ ಅದು ಮತ್ತೆ ಕೂಗಿಲ್ಲ.

ಮೊಟ್ಟೆ ಇರುವುದು ಮೂರನೇ ಹೊಂಡದ ಅಂಚಿನಲ್ಲಿ. ನಾಲ್ಕು. ನೀರು ಏರಿ ಕೊಚ್ಚಿಹೋಗದಿರಲೆಂದು ಹನ್ನೊಂದು ದಿನದಿಂದ ಯಾರಿಗೂ ಹೇಳದೆ ಬೆಳಿಗ್ಗೆ ಸಂಜೆ ವಾಲ್ವ್ ತಿರುಗಿಸುತ್ತಿದ್ದೇನೆ. ಆದರೂ ಬಾಯಿ ಬಿಟ್ಟೆನಲ್ಲ! ಆ ದರಿದ್ರ ಪುಸ್ತಕದಲ್ಲಿ ಒಮ್ಮೆಯಾದರೂ ನನ್ನ ಹೆಸರು ಬರಲೆಂಬ ಚಪಲ.

ಅಷ್ಟರಲ್ಲಿ ಮೆಟ್ಟುಗಾಲೇ ಬಂತು. ಕಪ್ಪು ರೆಕ್ಕೆ ಬಡಿಯುತ್ತ, ಕಡ್ಡಿಯಂಥ ಕೆಂಪು ಕಾಲು ಹಿಂದಕ್ಕೆ ಚಾಚಿ, ನಮ್ಮ ತಲೆಯ ಮೇಲೆ ಕಿರುಚುತ್ತ ಸುತ್ತತೊಡಗಿತು.

"ಡಾಕ್ಟ್ರೇ, ಹತ್ರ ಗೂಡಿಲ್ದೆ ಹೀಗೆ ಅರಚಲ್ಲ. ಈ ಹುಡುಗ ಹೇಳಿದ್ದು ನಿಜ," ಎಂದರು ಗುಂಪಿನಲ್ಲಿದ್ದ ಟೀಚರಮ್ಮ.

ಅಧ್ಯಕ್ಷರ ದನಿ ಬೆಣ್ಣೆಯಾಯಿತು. "ಅಯ್ಯೋ, ತಮಾಷೆಗಂದೆ ಕಣೋ ತಮ್ಮಾ. ಎಲ್ಲಿದೆ? ತೋರ್ಸಪ್ಪಾ. ಪುಸ್ತಕದಲ್ಲಿ ನಿನ್ನ ಹೆಸರೇ ಮೊದಲು."

ಎನ್ನುತ್ತಲೇ ಅವರ ಕೈ ಹದಿನಾರು ಜೇಬಿನ ಕೋಟಿನಲ್ಲಿ ತಡಕಾಡಿ ಒಂದು ಕತ್ತರಿ ಹೊರತೆಗೆಯಿತು. ಅದೇ ಕತ್ತರಿ. ಹೋದ ವರ್ಷ ಗೇಟಿನ ಪೊದೆಯಲ್ಲಿದ್ದ ಗೂಡನ್ನು ಇವರಿಗೆ ತೋರಿಸಿದವನು ನಾನೇ. ಫೋಟೋಗೆ ಅಡ್ಡವೆಂದು ಸುತ್ತಲ ಕೊಂಬೆಗಳನ್ನು ಕತ್ತರಿಸಿದರು. ನೆರಳಿಲ್ಲದೆ ಮೂರು ಮರಿಯೂ ಬಿಸಿಲಿಗೆ ಸತ್ತವು. ಫೋಟೋ ಮಾತ್ರ ಗಾಜು ಹಾಕಿಸಿಕೊಂಡು ಅವರ ಮನೆಯ ಗೋಡೆಯ ಮೇಲೆ ತಣ್ಣಗಿದೆ.

"ಹೇಳಪ್ಪಾ, ಎಡಕ್ಕಾ, ಬಲಕ್ಕಾ?"

ಮೊಟ್ಟೆ ಎಡಕ್ಕಿದ್ದವು. ನಾನು ಸ್ಪ್ಯಾನರ್ ಎತ್ತಿಕೊಂಡು ಬಲಕ್ಕೆ ಹೊರಟೆ, ರಾಡಿ ಒಣಗಿಸುವ ಕಟ್ಟೆಗಳ ಕಡೆಗೆ. ಹಿಂದೆಯೇ ಹದಿಮೂರು ಜನ, ತುದಿಗಾಲಲ್ಲಿ, ಮೂಗು ಮುಚ್ಚಿಕೊಂಡು.

"ಇಲ್ಲೇನಾ? ಇನ್ನೂ ಮುಂದಾ?" ಅಧ್ಯಕ್ಷರು ಪಿಸುಗುಟ್ಟುತ್ತಲೇ ಇದ್ದರು.

ನಾನು ನಡೆಯುತ್ತಲೇ ಹೋದೆ.